ಅಳದೆ ಬೆಳೆದ ಮಗ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವರ ನಡುವೆ ಅವಳಿಗೆ ತಣ್ಣೀರಕ್ಕ ಎಂಬ ಹೆಸರು ಬಿದ್ದಿತ್ತು. ಹೆಸರು ಬಂದದ್ದು ಅವಳ ಬಾಯಿಂದಲೇ. ಹೊಸದಾಗಿ ಕೆಲಸಕ್ಕೆ ಸೇರಿದವರು ರಕ್ತದ ಹಾಸುಬಟ್ಟೆ ಹೊತ್ತುಕೊಂಡು ನೇರ ಬಿಸಿನೀರಿನ ಡ್ರಮ್ಮಿನ ಕಡೆ ಹೊರಟರೆ ಸಾಕು, ಯಾವ ಮೂಲೆಯಲ್ಲಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. "ತಣ್ಣೀರು, ತಣ್ಣೀರು. ಬಿಸಿಗೆ ಹಾಕಿದ್ರೆ ಕಲೆ ಕೂತ್ಕೊಳ್ಳತ್ತೆ. ಆಮೇಲೆ ನಿಮ್ಮಪ್ಪ ಬಂದ್ರೂ ಹೋಗಲ್ಲ."

ಇಪ್ಪತ್ತೆರಡು ವರ್ಷ ಅದೇ ಕೆಲಸ. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ. ಒಂದು ಕಡೆ ಸಿಮೆಂಟಿನ ಆರು ತೊಟ್ಟಿ, ಇನ್ನೊಂದು ಕಡೆ ಗಡಗಡ ತಿರುಗುವ ಡ್ರಮ್ಮುಗಳು, ಕೊನೆಯಲ್ಲಿ ಒದ್ದೆ ಬಟ್ಟೆಯನ್ನು ನುಂಗಿ ಚಪ್ಪಟೆ ಮಾಡಿ ಉಗುಳುವ ರೋಲರ್. ಬೆಳಿಗ್ಗೆ ಏಳಕ್ಕೆ ವಾರ್ಡುಗಳಿಂದ ಗಂಟುಗಳು ಇಳಿಯುತ್ತಿದ್ದವು. ಗಂಟಿನ ಚೀಟಿ ನೋಡದೆಯೇ, ತೂಕದ ಮೇಲೆ, ಇದು ಹೆರಿಗೆಯದು, ಇದು ಮೂಳೆಯದು ಎಂದು ಅವಳು ಹೇಳಿಬಿಡುತ್ತಿದ್ದಳು. ಬಾಯ್ಲರ್ ನೋಡಿಕೊಳ್ಳುವ ಮುದುಕ, ಎಲ್ಲರ ಪಾಲಿನ ಬಾಯ್ಲರ್ ಮಾವ, ಇವಳನ್ನು ರೇಗಿಸುತ್ತಿದ್ದ: "ಇವಳ ಕೈಗೆ ಸಿಕ್ಕಿದ್ರೆ ಕೊಲೆಗಾರನೂ ಬೆಳ್ಳಗಾಗಿ ಹೊರಗೆ ಬರ್ತಾನೆ." ಅವಳೂ ನಗುತ್ತಿದ್ದಳು. ಈಗ ಆ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ.

ಅವಳಿಗೆ ಒಬ್ಬನೇ ಮಗ, ಹದಿನಾರು ವರ್ಷ. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟು ಬೈಕ್ ರಿಪೇರಿ ಗ್ಯಾರೇಜಿಗೆ ಸೇರಿದ್ದ. ಒಂದು ಸಂಜೆ ಆರು ಗಂಟೆಗೆ ಮನೆಗೆ ಬಂದ. ಶರ್ಟಿನ ಎದೆಯೆಲ್ಲ ರಕ್ತ. ಬಾಗಿಲಲ್ಲಿ ನಿಂತ ಮಗನ ಶರ್ಟನ್ನು ತಾಯಿ ನೋಡಿದಳು, ಮಗ ತಾಯಿಯನ್ನು ನೋಡಿದ. "ಶರ್ಟ್ ಬಿಚ್ಚು," ಎಂದಳು. ಅಷ್ಟೇ. ಬಕೆಟ್ಟಿಗೆ ತಣ್ಣೀರು, ಒಂದು ಹಿಡಿ ಉಪ್ಪು. ಐದು ನಿಮಿಷ ನೆನೆಸಿ, ಕಲೆಯ ಹಿಂಬದಿಯಿಂದ ತಿಕ್ಕಿ, ನೀರು ಬದಲಿಸಿ, ಮತ್ತೆ ತಿಕ್ಕಿದಳು. ಹತ್ತು ನಿಮಿಷದಲ್ಲಿ ಶರ್ಟು ಹೊರಗೆ ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಇದರಲ್ಲಿ ಮುಚ್ಚಿಡುವ ಯೋಚನೆ ಎಳ್ಳಷ್ಟೂ ಇರಲಿಲ್ಲ. ರಕ್ತ ಕಂಡರೆ ಅವಳ ಕೈಗೆ ಗೊತ್ತಿದ್ದದ್ದು ಅದೊಂದೇ. ಆದರೆ ಹೆತ್ತ ಮಗ ಮೈಯೆಲ್ಲ ರಕ್ತ ಮಾಡಿಕೊಂಡು ಬಂದರೆ ಯಾವ ತಾಯಿಯ ಬಾಯಿಂದಲೂ ಮೊದಲು ಬರಬೇಕಾದ ಮಾತು ಬೇರೆ. ಅದು ಇವಳ ಬಾಯಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ. ತಟ್ಟೆ ಇಟ್ಟು ಊಟ ಬಡಿಸಿದಳು.

ಅವನು ಉಂಡು ಏಳುವ ಮೊದಲೇ ಇಬ್ಬರು ಪೊಲೀಸರು ಬಂದರು. ಗ್ಯಾರೇಜಿನ ಓನರ್‌ನ ತಂಗಿಯ ಮಗ, ಒಂಬತ್ತು ವರ್ಷದ ಪುಟ್ಟ, ಸ್ಕೂಲು ಬಿಟ್ಟ ಮೇಲೆ ಅಮ್ಮ ಬರುವ ತನಕ ಗ್ಯಾರೇಜಿನಲ್ಲೇ ಕೂತಿರುತ್ತಿದ್ದ. ಆ ಮಗುವಿನ ತಲೆಗೆ ಸ್ಪ್ಯಾನರಿನಿಂದ ಏಟು ಬಿದ್ದಿತ್ತು. ಬುರುಡೆ ಒಡೆದಿತ್ತು, ಉಸಿರಿತ್ತು.

ಠಾಣೆಯಲ್ಲಿ ಮಗ ಒಂದು ಕತೆ ಹೇಳಿದ. ಓನರ್ ತನ್ನ ಮುಖಕ್ಕೆ ಹೊಡೆದರು, ಮೂಗಿನಿಂದ ರಕ್ತ ಸುರಿಯಿತು, ಸಿಟ್ಟಿನಲ್ಲಿ ಅವರ ಕಡೆ ಸ್ಪ್ಯಾನರ್ ಬೀಸಿದೆ, ಪುಟ್ಟ ಅಡ್ಡ ಬಂದ. ಓನರ್ ಮಾತೆತ್ತಿದರೆ ಕೈ ಮಾಡುವವನು ಎಂಬುದು ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ನಾನು ಆಗ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದೆ ಎಂದು ಓನರ್ ಬಡಕೊಂಡರೂ ನಂಬುವವರು ಕಡಿಮೆ; ಅಂಗಡಿಯವನಿಗೆ ಹೊತ್ತು ಸರಿಯಾಗಿ ನೆನಪಿರಲಿಲ್ಲ. ಶರ್ಟಿನ ಮೇಲಿನ ರಕ್ತ ಉಳಿದಿದ್ದರೆ, ಅದು ಯಾರದೆಂದು ಪರೀಕ್ಷಿಸಿ, ಯಾರ ಮಾತು ನಿಜವೆಂದು ಒಂದು ದಿನದಲ್ಲಿ ಗೊತ್ತಾಗುತ್ತಿತ್ತು. ಶರ್ಟು ಹಾಲಿನಷ್ಟು ಬೆಳ್ಳಗಿತ್ತು. ಪೊಲೀಸಿನವನು ಅದನ್ನು ತಂತಿಯಿಂದ ತೆಗೆದುಕೊಳ್ಳುವಾಗ, "ಚೆನ್ನಾಗಿ ಒಗೀತೀರಾ," ಎಂದಿದ್ದ.

ಹುಡುಗನನ್ನು ವಿಚಾರಣೆ ಮುಗಿಯುವ ತನಕ ಬಾಲಕರ ವಸತಿಗೃಹದಲ್ಲಿ ಇಟ್ಟರು. ಹದಿನೈದು ದಿನ ಕಳೆದ ಮೇಲೆ ಬಾಲನ್ಯಾಯ ಮಂಡಳಿಗೆ ವರದಿ ಬರೆಯುವ ಅಧಿಕಾರಿ ಮನೆ ನೋಡಲು ಬಂದ. ಮೂವತ್ತು ದಾಟದ ವಯಸ್ಸು, ಅರವತ್ತರ ಸುಸ್ತು. ಒಂದೇ ಕೋಣೆಯ ಮನೆ. ಇದ್ದ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಅವನಿಗೆ ಕೊಟ್ಟು ಅವಳು ಮಂಚದ ಅಂಚಿನಲ್ಲಿ ಕೂತಳು. ಅವನು ತೊಡೆಯ ಮೇಲೆ ಒಂದು ಫಾರಂ ಹರಡಿದ. ಅದರಲ್ಲಿ 'ಪಾಲನೆ' ಎಂದು ಅಚ್ಚಾಗಿದ್ದ ಕಡೆ ಒಂದೂವರೆ ಅಂಗುಲ ಜಾಗವಿತ್ತು, ಪಕ್ಕದಲ್ಲಿ ಮೂರು ಚೌಕ: ಉತ್ತಮ, ಸಾಧಾರಣ, ಕಳಪೆ. ಹದಿನಾರು ವರ್ಷವನ್ನು ಒಂದೂವರೆ ಅಂಗುಲಕ್ಕೆ ಹಿಡಿಸಿದ ಪುಣ್ಯಾತ್ಮ ಯಾರೋ, ಅವನಿಗೆ ಮಕ್ಕಳಿರಲಿಕ್ಕಿಲ್ಲ.

"ತಂದೆ?"

"ತೀರ್ಕೊಂಡ್ರು ಸಾರ್. ನಾಲ್ಕು ವರ್ಷ ಆಯ್ತು. ಬ್ರೆಡ್ ಕಂಪನಿ ವ್ಯಾನ್ ಓಡಿಸ್ತಿದ್ರು."

"ಕುಡೀತಿದ್ರಾ?"

"ಎಲ್ಲರ ಹಾಗೆ."

"ಹೊಡೀತಿದ್ರಾ?"

"ಎಲ್ಲರ ಹಾಗೇ ಸಾರ್."

"ಮಗನ್ನ?"

ಇಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಇಷ್ಟು ಹೊತ್ತಿಗೆ ತಲೆ ಎತ್ತಿ ಉತ್ತರ ಹೇಳಬಹುದಾದ ಪ್ರಶ್ನೆ ಬಂದಿತ್ತು. "ಅವನ ಮೈ ಮುಟ್ಟೋಕೆ ನಾನು ಬಿಟ್ಟಿಲ್ಲ ಸಾರ್. ಅವನು ಅಳ್ತಾನೇ ಇರ್ಲಿಲ್ಲ. ಅತ್ರೆ ತಾನೆ ಇವರಿಗೆ ಸಿಟ್ಟು ಬರ್ತಿದ್ದಿದ್ದು."

ಅಧಿಕಾರಿಯ ಪೆನ್ನು ನಿಂತಿತು. "ಅಳ್ತಾನೇ ಇರ್ಲಿಲ್ಲ ಅಂದ್ರೆ?"

"ಎರಡು ವರ್ಷದಿಂದಲೇ ಅಳಲ್ಲ. ನಾನೇ ಕಲಿಸಿದ್ದು."

ಅವಳು ಅದನ್ನು ಹೆಮ್ಮೆಯಿಂದ ಹೇಳಿದಳು. ಬೇರೆ ತಾಯಂದಿರು ಮಗ ಎರಡು ವರ್ಷಕ್ಕೇ ಮಗ್ಗಿ ಹೇಳುತ್ತಿದ್ದ ಎನ್ನುವುದಿಲ್ಲವೇ, ಹಾಗೆ.

ಕಲಿಸಿದ ಬಗೆ ಹೀಗೆ. ಗಂಡ ಕೈ ಎತ್ತುವ ಮೊದಲು ಒಂದು ಮಾತು ಹೇಳುತ್ತಿದ್ದ: "ಸದ್ದು ಆಚೆ ಹೋಗಬಾರದು." ಅಕ್ಕಪಕ್ಕದಲ್ಲಿ ಮರ್ಯಾದೆಯ ಮನುಷ್ಯ ಅವನು. ಬೆಳಿಗ್ಗೆ ಬೀದಿಯ ಮಕ್ಕಳಿಗೆಲ್ಲ ಮುರಿದ ಬಿಸ್ಕತ್ತು ಹಂಚುತ್ತಿದ್ದ. ಅವಳು ಟವೆಲ್ಲಿನ ತುದಿ ಕಚ್ಚಿಕೊಂಡು ತಿಂದ ಏಟನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಮಗುವಿಗೆ ಟವೆಲ್ಲಿನ ಉಪಾಯ ಗೊತ್ತಿರಲಿಲ್ಲ. ಮಗು ಬಾಯಿ ತೆರೆದರೆ ಗಂಡ ಇತ್ತ ತಿರುಗುತ್ತಿದ್ದ. ಆಗ ಅವಳು ಮಗುವನ್ನು ಎದೆಗವಚಿಕೊಂಡು ಅದರ ಬಾಯಿಯ ಮೇಲೆ ಅಂಗೈ ಇಡುತ್ತಿದ್ದಳು. ಹೆಬ್ಬೆರಳು ಒಂದು ಕೆನ್ನೆಗೆ, ನಾಲ್ಕು ಬೆರಳು ಇನ್ನೊಂದು ಕೆನ್ನೆಗೆ, ಮೂಗಿಗೆ ಮಾತ್ರ ಜಾಗ ಬಿಟ್ಟು. "ಅಳಬಾರ್ದು ಕಂದ, ಅಳಬಾರ್ದು." ಮಗುವಿನ ಮುಖ ಕೆಂಪಾಗಿ ಆಮೇಲೆ ಸುಮ್ಮನಾಗುತ್ತಿತ್ತು. ಕ್ರಮೇಣ ಅಂಗೈ ಬೇಕಾಗಲಿಲ್ಲ. ಅವಳು ಕೈ ಎತ್ತಿದರೆ ಸಾಕು, ಅದು ತಾನೇ ತುಟಿ ಬಿಗಿದುಕೊಳ್ಳುತ್ತಿತ್ತು. ಇದರಲ್ಲಿ ಪ್ರೀತಿ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಬರೀ ಪ್ರೀತಿಯೇ ಇತ್ತು, ಅದೇ ದುರಂತ. ಪಕ್ಕದ ಮನೆಯವರು ಹೊಗಳುತ್ತಿದ್ದರು: ಎಂಥ ಒಳ್ಳೇ ಮಗು, ಇದೆ ಅಂತಲೇ ಗೊತ್ತಾಗಲ್ಲ.

ಏಳನೇ ವಯಸ್ಸಿಗೆ ಕ್ಲಾಸಿನಲ್ಲಿ ಅಳುತ್ತಿದ್ದ ಒಬ್ಬನ ಕಿವಿ ಕಚ್ಚಿದ. ಅವಳು ಅಂಗಿಯ ರಕ್ತ ತೊಳೆದಳು. ಹತ್ತಕ್ಕೆ, ಓಣಿಯಲ್ಲಿ ಇಡೀ ದಿನ ಕುಂಯ್‌ಗುಟ್ಟುತ್ತಿದ್ದ ನಾಯಿಮರಿಯನ್ನು ಚೀಲದಲ್ಲಿ ಹಾಕಿ ಕಟ್ಟಿ ಮೋರಿಗೆ ಎಸೆದ. "ನಮ್ಮೋನು ಮನೇಲೇ ಇದ್ದ," ಎಂದು ಅವಳು ನಾಯಿ ಸಾಕಿದವರಿಗೆ ಸುಳ್ಳು ಹೇಳಿ ಅವನ ಕೆಸರಿನ ಚಡ್ಡಿ ನೆನೆಸಿದಳು. ಯಾಕೆ ಮಾಡಿದೆ ಎಂದು ಎರಡು ಸಲವೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ. ಉತ್ತರ ಬಂದರೆ ಅದನ್ನು ಎಲ್ಲಿ ಇಡುವುದು? ಆ ಮನೆಯಲ್ಲಿ ಒಂದೇ ಕೋಣೆ.

ಅಧಿಕಾರಿ ಇವೆಲ್ಲದರಲ್ಲಿ ಅರ್ಧ ಕೇಳಿಸಿಕೊಂಡ, ಇನ್ನರ್ಧ ಊಹಿಸಿಕೊಂಡ. ಗೋಡೆಯ ಆಚೆ ಪಕ್ಕದ ಮನೆಯ ಏಳು ತಿಂಗಳ ಕೂಸು ಅಳಲು ಶುರುಮಾಡಿತು. ಅದರ ತಾಯಿ ಏನೋ ಗುನುಗುತ್ತಾ ಓಡಾಡುವುದೂ ಕೇಳಿಸುತ್ತಿತ್ತು.

"ಅವತ್ತು ಮೂಗಲ್ಲಿ ರಕ್ತ ಬಂದಿದ್ದನ್ನ ನೀವು ನೋಡಿದ್ರಾ?"

ಅವಳು ನೋಡಿರಲಿಲ್ಲ. ಮುಖದ ಕಡೆ ಕಣ್ಣೇ ಹೋಗಿರಲಿಲ್ಲ, ಕಣ್ಣೆಲ್ಲ ಶರ್ಟಿನ ಮೇಲೆ. ಆದರೆ ಬಾಯಿ ಮುಂದೆ ಓಡಿತು. "ನೋಡ್ದೆ ಸಾರ್. ನಾನೇ ಒರೆಸ್ದೆ."

"ಹಾಗಿದ್ರೆ ಮುಂದಿನ ಮಂಗಳವಾರ ಮಂಡಳಿ ಮುಂದೆ ಅದನ್ನೇ ಹೇಳಿ. ಶರ್ಟಲ್ಲಿ ಕಲೆ ಇಲ್ಲ, ಬೇರೆ ಸಾಕ್ಷಿ ಇಲ್ಲ. ನಿಮ್ಮ ಮಾತಿನ ಮೇಲೇ ನಿಂತಿದೆ. ಮುಚ್ಚಳಿಕೆ ಬರೆಸ್ಕೊಂಡು ಮನೆಗೆ ಕಳಿಸ್ತಾರೆ."

"ಇಲ್ದಿದ್ರೆ?"

"ಎರಡು ವರ್ಷ ದೂರದ ಸುಧಾರಣಾ ಶಾಲೆ. ಶಾಲೆ ಅಂದ್ರೆ ಗೋಡೆ ಇರೋ ಶಾಲೆ. ವಾರಕ್ಕೆರಡು ಸಲ ಒಬ್ರು ಡಾಕ್ಟರ್ ಬಂದು ಹುಡುಗರನ್ನ ಕೂರಿಸ್ಕೊಂಡು ಮಾತಾಡಿಸ್ತಾರೆ, ಅದು ಒಳ್ಳೇದು. ದೊಡ್ಡ ಹುಡುಗರು ಸಣ್ಣೋರಿಗೆ ಹೊಡೆಯೋದೂ ಇದೆ. ಸುಳ್ಳು ಯಾಕೆ ಹೇಳ್ಲಿ." ಅವನು ಎದ್ದ. ಪಾಲನೆಯ ಮೂರು ಚೌಕಗಳೂ ಖಾಲಿಯೇ ಇದ್ದವು. "ಏನಾಯ್ತು ಅಂತ ಅವನನ್ನ ನೀವು ಕೇಳಿದ್ರಾ ಅಮ್ಮ?"

"ಇಲ್ಲ ಸಾರ್."

"ಒಂದ್ಸಲ ಕೇಳಿ. ನನಗಾಗಿ ಅಲ್ಲ."

ಭಾನುವಾರ ಭೇಟಿಯ ದಿನ. ವಸತಿಗೃಹದ ಹಾಲಿನಲ್ಲಿ ಉದ್ದನೆಯ ಮೇಜು, ಈಚೆ ಬೆಂಚಿನಲ್ಲಿ ಮನೆಯವರು, ಆಚೆ ಬೆಂಚಿನಲ್ಲಿ ಹುಡುಗರು. ಮಗನ ತಲೆಗೂದಲು ತೆಗೆದಿದ್ದರು, ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು. ಊಟ, ನಿದ್ದೆ, ಸೋಪು ಎಲ್ಲ ವಿಚಾರಿಸಿದ ಮೇಲೆ ಮಾತು ಮುಗಿದುಹೋಯಿತು. ಅರ್ಧ ಗಂಟೆಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಅವಳು ಬೆಂಚಿನ ಅಂಚಿಗೆ ಸರಿದಳು. ಗಂಡನ ಮುಂದೆ ಕೂಡ ಇಷ್ಟು ಹೆದರಿರಲಿಲ್ಲ.

"ಅವತ್ತು ಏನಾಯ್ತೋ?"

ಅವನು ತಲೆ ಎತ್ತಿದ. ಹದಿನಾರು ವರ್ಷದಲ್ಲಿ ಈ ಪ್ರಶ್ನೆ ಅವನಿಗೂ ಹೊಸದು. ಗಾಡಿ ಯಾಕೆ ಸ್ಟಾರ್ಟ್ ಆಗಲಿಲ್ಲ ಎಂದು ಗಿರಾಕಿಗೆ ವಿವರಿಸುವ ದನಿಯಲ್ಲಿ ಹೇಳಿದ.

"ಪುಟ್ಟ ಬಿದ್ದು ಮಂಡಿ ಕೆತ್ಕೊಂಡಿದ್ದ. ಅಳ್ತಿದ್ದ. ಸುಮ್ನಿರು ಅಂದೆ. ಇನ್ನೂ ಜೋರಾಗಿ ಅತ್ತ. ಹೀಗೆ ಬಾಯಿ ಮುಚ್ದೆ." ತೋರಿಸಲೆಂದು ಅವನು ಅಂಗೈಯನ್ನು ತನ್ನ ಬಾಯಿಯ ಮೇಲೆ ಇಟ್ಟುಕೊಂಡ. ಹೆಬ್ಬೆರಳು ಒಂದು ಕೆನ್ನೆಗೆ, ನಾಲ್ಕು ಬೆರಳು ಇನ್ನೊಂದು ಕೆನ್ನೆಗೆ, ಮೂಗಿಗೆ ಜಾಗ ಬಿಟ್ಟು. "ಕೈ ಕಚ್ಚಿದ. ಆಮೇಲೆ ಸ್ಪ್ಯಾನರ್ ಕೈಗೆ ಸಿಕ್ತು. ಸುಮ್ನಾದ."

ಅವಳು ಆ ಕೈಯನ್ನೇ ನೋಡಿದಳು. ಆ ಕೈ ತನ್ನದು. ಬೆರಳಿನ ಲೆಕ್ಕವೂ ತಪ್ಪಿರಲಿಲ್ಲ.

"ಓನರ್ ಹೊಡೀಲಿಲ್ವಾ?"

"ಅವರು ಟೀ ಅಂಗಡಿಗೆ ಹೋಗಿದ್ರು." ಅವನು ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದ. "ನೀನು ಮೂಗಿನ ರಕ್ತ ನೋಡ್ದೆ ಅಂತ್ಲೇ ಹೇಳ್ಬಿಡಮ್ಮ. ಇಲ್ಲಿರೋಕಾಗಲ್ಲ. ಹೊಸದಾಗಿ ಬಂದೋರು ಒಂದೇ ಸಮ ಅಳ್ತಾರೆ, ಕಿವಿ ಮುಚ್ಕೊಂಡ್ರೂ ಕೇಳ್ಸತ್ತೆ. ನಾನು ಮನೆಗೆ ಬರ್ತೀನಿ."

"ಹೂಂ," ಎಂದಳು. ಮನಸ್ಸಿನಲ್ಲೂ ಹೂಂ ಎಂದೇ ಇತ್ತು. ಮಗ ಮನೆಗೆ ಬರಬೇಕು, ಮುಂದಿನದು ಮುಂದೆ. ಅವಳು ಎದ್ದು ನಿಂತಾಗ ಅವನು ಬೇರೆ ಏನೋ ಜ್ಞಾಪಿಸಿಕೊಂಡವನಂತೆ ಕೇಳಿದ: "ಪಕ್ಕದ ಮನೆ ಮಗು ಇನ್ನೂ ಅಳತ್ತಾ?"

ಬಸ್ಸಿನಲ್ಲಿ ಕೂತರೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಸುಮ್ಮನೆ ಕೇಳಿದ, ಮಕ್ಕಳ ಬಗ್ಗೆ ಯಾರೂ ಕೇಳುವುದಿಲ್ಲವೇ ಎಂದು ಸಮಾಧಾನ ಹೇಳಿಕೊಂಡಳು. ಮನೆಗೆ ಬಂದರೆ ಕೂಸು ಅಳುತ್ತಿತ್ತು. ಅದರ ತಾಯಿ ಬಾಗಿಲಿಗೆ ಬಂದು, "ಅಕ್ಕಾ, ಒಂದ್ನಿಮಿಷ ಎತ್ಕೊಳ್ಳಿ, ನೀರು ತಂದ್ಬಿಡ್ತೀನಿ," ಎಂದು ಅದನ್ನು ಇವಳ ಕೈಗೆ ಕೊಟ್ಟು ಹೋದಳು. ಕೂಸು ಹೊಸ ತೋಳಿನಲ್ಲಿ ಇನ್ನಷ್ಟು ಜೋರಾಗಿ ಅತ್ತಿತು. ಆಗ ಇವಳ ಬಲಗೈ ತಾನಾಗಿ ಮೇಲೆದ್ದು ಅದರ ಬಾಯಿಯ ಹತ್ತಿರಕ್ಕೆ ಬಂತು. ಅವಳು ನೋಡಿದಳು. ಗಂಡ ಸತ್ತು ನಾಲ್ಕು ವರ್ಷವಾಗಿತ್ತು, ಮನೆಯಲ್ಲಿ ಹೆದರಿಸುವವರು ಯಾರೂ ಇರಲಿಲ್ಲ, ಆದರೂ ಕೈ ಬಂದಿತ್ತು. ತಾಯಿ ನೀರು ಹೊತ್ತು ವಾಪಸು ಬಂದಾಗ ತಣ್ಣೀರಕ್ಕ ಕೂಸನ್ನು ಮಂಚದ ಮೇಲೆ ಮಲಗಿಸಿ ದೂರ ಗೋಡೆಗೆ ಆತು ನಿಂತಿದ್ದಳು.

ಸೋಮವಾರ ಬೆಳಿಗ್ಗೆ ಬಾಯ್ಲರ್ ಮಾವನ ಹತ್ತಿರ ಅರ್ಧಂಬರ್ಧ ಹೇಳಿದಳು. ಮುದುಕ ಉರಿಯ ಬಾಗಿಲು ಮುಚ್ಚಿ ಬೆವರೊರೆಸಿಕೊಂಡ. "ನೋಡು ತಂಗಿ, ಹೆತ್ತೋಳು ನೀನು. ಊರೆಲ್ಲ ಕೈ ಬಿಡತ್ತೆ, ನೀನೂ ಬಿಟ್ರೆ ಹೇಗೆ? ನೋಡ್ದೆ ಅನ್ನು, ಕರ್ಕೊಂಡು ಬಾ, ಬುದ್ಧಿ ಹೇಳು." ಬುದ್ಧಿ ಎಂದರೆ ಏನು ಹೇಳುವುದು ಎಂದು ಅವಳು ಕೇಳಿದಳು. ಮಾವ ಉರಿಯ ಬಾಗಿಲನ್ನು ಮತ್ತೆ ತೆರೆದ.

ಆ ಹೊತ್ತಿಗೆ ಗಂಟುಗಳು ಇಳಿದವು. ತಲೆಯ ಆಪರೇಷನ್ ವಾರ್ಡಿನ ಗಂಟನ್ನು ಮಗನನ್ನು ಕರೆದೊಯ್ದಂದಿನಿಂದ ಅವಳು ಬೇರೆಯವರ ತೊಟ್ಟಿಗೆ ತಳ್ಳುತ್ತಿದ್ದಳು. ಪುಟ್ಟ ಇದ್ದದ್ದು ಆ ವಾರ್ಡಿನಲ್ಲೇ, ಆ ಕಟ್ಟಡದ ಮೂರನೇ ಮಹಡಿಯಲ್ಲೇ. ಅವತ್ತು ಗಂಟನ್ನು ತಾನೇ ಬಿಚ್ಚಿ ತೊಳೆದಳು. ಮಧ್ಯಾಹ್ನ ಒಗೆದ ಬಟ್ಟೆಯ ಅಟ್ಟಿಯನ್ನು ವಾರ್ಡ್ ಬಾಯ್‌ಗೆ ಕೊಡದೆ ಎದೆಗೊತ್ತಿಕೊಂಡು ಮೆಟ್ಟಿಲು ಹತ್ತಿದಳು.

ಕೊನೆಯ ಮಂಚದಲ್ಲಿ ಅವನಿದ್ದ. ತಲೆ ತುಂಬ ಬಿಳಿ ಬ್ಯಾಂಡೇಜು, ಕೆಳಗೆ ಸಣ್ಣ ಮುಖ. ಅವನ ಅಮ್ಮ ಚಮಚ ಹಿಡಿದು, "ಇದೇನು ಹೇಳು ಪುಟ್ಟ," ಎನ್ನುತ್ತಿದ್ದಳು. ಹುಡುಗ ಬಹಳ ಹೊತ್ತು ನೋಡಿ, "ಬೀಗ," ಎಂದ. "ಅಲ್ಲ ಕಂದ. ಚಮಚ." ಪುಟ್ಟನ ಅಮ್ಮ ಬಟ್ಟೆಯ ಅಟ್ಟಿ ನೋಡಿ ತಿರುಗಿದಳು. ಬಂದವಳು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. "ಅಕ್ಕಾ, ಒಂದು ದಿಂಬಿನ ಕವರ್ ಕೊಡ್ತೀರಾ? ಜೊಲ್ಲು ಸೋರಿ ಒದ್ದೆಯಾಗಿದೆ."

ತಣ್ಣೀರಕ್ಕ ಕವರ್ ಬದಲಿಸಿದಳು. ಕೇಳಬಾರದೆಂದಿದ್ದರೂ ಕೇಳಿದಳು: "ತುಂಬಾ ನೋವಾ ಇವನಿಗೆ?"

"ಗೊತ್ತಾಗಲ್ಲ ಅಕ್ಕ. ಸೂಜಿ ಚುಚ್ಚಿದ್ರೂ ಅಳಲ್ಲ. ಅತ್ರೆ ಒಳ್ಳೇದು ಅಂತಾರೆ ಡಾಕ್ಟ್ರು. ದಿನಾ ಕಾಯ್ತಿದೀನಿ, ಒಂದ್ಸಲ ಅಳ್ಲಿ ಅಂತ."

ಅವಳು ಮೆಟ್ಟಿಲಿಳಿದು ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತಳು. ಆ ದಿನ ಒಬ್ಬ ಹೊಸಬ ರಕ್ತದ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿದ. ಅವಳು ನೋಡುತ್ತಾ ಕೂತೇ ಇದ್ದಳು.

ಮಂಗಳವಾರ ಮಂಡಳಿ ಕೂತಿತು. ಸಣ್ಣ ಕೋಣೆ, ಉದ್ದನೆಯ ಮೇಜು, ಹಿಂದೆ ಮೂವರು. ನಡುವೆ ಕೂತ ಮೇಡಂಗೆ ನೆಗಡಿಯಾಗಿತ್ತು. ಗ್ಯಾರೇಜಿನ ಓನರ್ ತನ್ನ ಮಾತು ಹೇಳಿದ. ಮಧ್ಯದಲ್ಲಿ ಸಿಟ್ಟಿಗೆದ್ದು ಮೇಜು ಗುದ್ದಿದ್ದರಿಂದ ಅವನ ಮೇಲಿದ್ದ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಹುಡುಗನ ಪರ ಸರ್ಕಾರ ಕೊಟ್ಟಿದ್ದ ವಕೀಲಮ್ಮ ಗೆದ್ದವಳಂತೆ ಕಾಗದ ಜೋಡಿಸಿಕೊಂಡಳು. ಮಗ ಬೆಂಚಿನ ಮೇಲೆ ಕೂತು ಅಮ್ಮನನ್ನೇ ನೋಡುತ್ತಿದ್ದ. ಇಸ್ತ್ರಿಯಾದ ಅಂಗಿ ತೊಡಿಸಿದ್ದರು. ಮನೆಗೆ ಹೊರಡಲು ಸಿದ್ಧವಾದವನಂತಿದ್ದ.

"ಮಗನ ಮೂಗಿನಿಂದ ರಕ್ತ ಬರ್ತಿದ್ದಿದ್ದನ್ನ ನೀವು ಕಣ್ಣಾರೆ ನೋಡಿದ್ರಿ, ಅಲ್ವಾ?" ಮೇಡಂ ಕೇಳಿದರು.

"ಇಲ್ಲ ಮೇಡಂ."

ವರದಿಯ ಅಧಿಕಾರಿ ತಲೆ ಎತ್ತಿದ. ವಕೀಲಮ್ಮ, "ಅಮ್ಮ, ಪ್ರಶ್ನೆ ಸರಿಯಾಗಿ ಕೇಳಿಸ್ಕೊಳ್ಳಿ," ಎಂದಳು.

"ಕೇಳಿಸ್ಕೊಂಡೆ. ಸಾರ್ ಹತ್ರ ಸುಳ್ಳು ಹೇಳಿದ್ದೆ. ಇವನ ಮೂಗಿಗೆ ಏನೂ ಆಗಿರ್ಲಿಲ್ಲ. ಅದು ಆ ಮಗೂದೇ ರಕ್ತ. ಓನರ್ ಅಲ್ಲಿರ್ಲಿಲ್ಲ. ಮಗು ಅಳ್ತಿತ್ತು, ಅದಕ್ಕೆ ಹೊಡ್ದ. ಇವನೇ ನನಗೆ ಹೇಳಿದ್ದು."

ಮೇಡಂ ಕರವಸ್ತ್ರ ಕೆಳಗಿಟ್ಟರು. "ಹೀಗೆ ಹೇಳಿದ್ರೆ ಏನಾಗತ್ತೆ ಗೊತ್ತಾ ನಿಮಗೆ?"

"ಗೊತ್ತು. ಈಗ ಮನೆಗೆ ಕಳಿಸ್ಬೇಡಿ ಮೇಡಂ. ಅಳೋರ ಬಾಯಿ ಮುಚ್ಚೋದನ್ನ ಇವನಿಗೆ ಕಲಿಸಿದ್ದು ನಾನು. ಬೇರೆ ಏನು ಕಲಿಸ್ಬೇಕು ಅಂತ ನನಗೆ ಬರಲ್ಲ. ಬರೋರ ಹತ್ರ ಕಳ್ಸಿ."

ಎರಡು ವರ್ಷ ಎಂದಾಯಿತು. ಅದನ್ನು ಓದಿ ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಹೊರಗೆ ಮೆಟ್ಟಿಲ ಬಳಿ ವ್ಯಾನು ನಿಂತಿತ್ತು. ಗಾರ್ಡು ಅವನ ಮುಂಗೈ ಹಿಡಿದು ಕರೆತಂದ. ಅವಳು ಅಡ್ಡ ಬಂದಳು, ಅವನು ನಿಂತ. ಕಣ್ಣಲ್ಲಿ ನೀರಿಲ್ಲ, ದನಿಯಲ್ಲಿ ಸಿಟ್ಟೂ ಇಲ್ಲ.

"ಅಪ್ಪ ನಿನಗೆ ಅಷ್ಟು ವರ್ಷ ಹೊಡೆದ್ರು. ಅವರ ಬಗ್ಗೆ ಯಾರಿಗೂ ಒಂದಿನ ಹೇಳಲಿಲ್ಲ ನೀನು. ನನ್ನ ಬಗ್ಗೆ ಹೇಳ್ದೆ."

"ಹೂಂ," ಎಂದಳು. "ಅವತ್ತೇ ಹೇಳ್ಬೇಕಿತ್ತು ಕಣೋ. ಹೇಳಿದ್ರೆ ನಿನಗೆ ಹೀಗಾಗ್ತಿರ್ಲಿಲ್ಲ."

ಅವನು ಕೇಳಿಸಿಕೊಂಡನೋ ಇಲ್ಲವೋ, ವ್ಯಾನು ಹತ್ತಿ ಆಚೆ ಬದಿಯ ಕಿಟಕಿಗೆ ಹೋಗಿ ಕೂತ.

ಮುಂದಿನ ತಿಂಗಳ ಮೊದಲ ಭಾನುವಾರ ಅವಳು ಎರಡು ಬಸ್ಸು ಬದಲಿಸಿ ಆ ಊರಿಗೆ ಹೋದಳು. ಗೇಟಿನವನು ಒಳಗೆ ಹೋಗಿ ಬಂದು, ಹುಡುಗ ಬರಲ್ಲ ಅಂತಿದಾನೆ ಎಂದ. ಭೇಟಿಯ ಸಮಯ ಎಷ್ಟು ಗಂಟೆಯವರೆಗೆ ಎಂದು ಕೇಳಿದಳು. ನಾಲ್ಕರವರೆಗೆ ಎಂದ. ಅವಳು ಗೋಡೆಯ ಪಕ್ಕದ ಬೆಂಚಿನಲ್ಲಿ ನಾಲ್ಕರವರೆಗೂ ಕೂತಿದ್ದಳು.